ಒತ್ತಿ ಬರೆದ ಅಂಕೆ

ಗೀರಕ್ಕ ಎನ್ನುವುದು ಅವಳಿಗೆ ಡಬ್ಬಿ ಕೋಣೆಯ ಹೆಂಗಸರು ಇಟ್ಟ ಹೆಸರು. ಬೇರೆಯವರಿಗೆ ಹೊಸದರಂತೆ ಕಾಣುವ ಪುಸ್ತಕದ ಬೆನ್ನಿನ ಮೇಲೆ ಅವಳಿಗೆ ಮಾತ್ರ ಒಂದು ಗೀರು ಕಾಣುತ್ತಿತ್ತು.

ಅವಳು ಕೆಲಸಕ್ಕಿದ್ದ ಕಂಪನಿಗೆ ಜನ ತಮ್ಮ ಹಳೆಯ ಕಾಮಿಕ್ಸ್ ಪುಸ್ತಕಗಳನ್ನು ಅಂಚೆಯಲ್ಲಿ ಕಳಿಸುತ್ತಿದ್ದರು. ಕಂಪನಿ ಅವುಗಳ ಸ್ಥಿತಿ ನೋಡಿ ಹತ್ತಕ್ಕೆ ಇಷ್ಟು ಎಂದು ಅಂಕೆ ಕೊಟ್ಟು, ಪ್ಲಾಸ್ಟಿಕ್ ಡಬ್ಬಿಯೊಳಗೆ ಮೊಹರು ಮಾಡಿ ವಾಪಸು ಕಳಿಸುತ್ತಿತ್ತು. ಆಮೇಲೆ ಆ ಪುಸ್ತಕವನ್ನು ಯಾರೂ ಓದುತ್ತಿರಲಿಲ್ಲ. ಅಂಕೆಯನ್ನು ಓದುತ್ತಿದ್ದರು, ಅದನ್ನೇ ಕೊಳ್ಳುತ್ತಿದ್ದರು.

ಅವಳೂ ಡಬ್ಬಿ ಕೋಣೆಯಲ್ಲೇ ಶುರು ಮಾಡಿದವಳು. ಅಲ್ಲಿ ಹೆಂಗಸರು ನಿಂತುಕೊಂಡು ಮೊಹರು ಮಾಡುತ್ತಿದ್ದರು, ಗಾಜಿನ ಬಾಗಿಲಿನ ಆಚೆ ಗಂಡಸರು ಕೂತುಕೊಂಡು ಅಂಕೆ ಹಾಕುತ್ತಿದ್ದರು. ವರ್ಷಗಟ್ಟಲೆ ಕೇಳಿ, ಎರಡು ಸಲ ಪರೀಕ್ಷೆ ಕೊಟ್ಟು, ಅವಳು ಆಚೆಯ ಕುರ್ಚಿಗೆ ಹೋದಳು. ಗೀರು ನೋಡುವುದನ್ನು ಎಲ್ಲಿ ಕಲಿತಿರಿ ಎಂದು ಪರೀಕ್ಷೆಯಲ್ಲಿ ಕೇಳಿದಾಗ ನಮ್ಮ ಅಣ್ಣಂದಿರ ಅಂಗಿಗಳ ಮೇಲೆ ಎಂದಿದ್ದಳಂತೆ. ಇಸ್ತ್ರಿ ಮಾಡುವವರಿಗೆ ಸುಕ್ಕು ಕಾಣುತ್ತದೆ. ತೊಟ್ಟುಕೊಂಡು ಹೋಗುವವರಿಗೆ ಅಂಗಿ ಕಾಣುತ್ತದೆ.

ಅಂಕೆ ಹಾಕುವವರು ಮೂವರು. ಮೊದಲು ಮೇಷ್ಟ್ರು, ಹಿಂದೆ ಡ್ರಾಯಿಂಗ್ ಕಲಿಸುತ್ತಿದ್ದವರು. ಎರಡನೆಯವನನ್ನು ಡಬ್ಬಿ ಕೋಣೆಯವರು ಹೌದಪ್ಪ ಎಂದು ಕರೆಯುತ್ತಿದ್ದರು, ಯಾಕೆಂದು ಕೇಳುವ ಅಗತ್ಯವಿರಲಿಲ್ಲ. ಮೂರನೆಯವಳು ಗೀರಕ್ಕ. ‘ಮೂರನೇ ಕಣ್ಣು ತೆರೀತು, ಇನ್ನು ಪುಸ್ತಕ ಭಸ್ಮ’ ಎಂದು ಮೇಷ್ಟ್ರು ತಮಾಷೆ ಮಾಡುವರು. ಒಬ್ಬೊಬ್ಬರೂ ತಮ್ಮ ಅಂಕೆಯನ್ನು ತೆಳ್ಳಗಿನ ಚೀಟಿಯಲ್ಲಿ ಬರೆದು, ಬೋರಲು ಮಾಡಿ, ಪುಸ್ತಕದ ಕೆಳಗಿಟ್ಟು ಮುಂದಕ್ಕೆ ಸರಿಸಬೇಕು. ಮುಂದಿನವರು ಅದನ್ನು ಮಗುಚಿ ನೋಡುವಂತಿಲ್ಲ. ಇಬ್ಬರು ಒಪ್ಪಿದ್ದೇ ಕೊನೆಯ ಅಂಕೆ.

ಒಂದು ದಿನ ಯಜಮಾನರು ಅವಳನ್ನು ಒಳಗೆ ಕರೆದರು. (ಅವಳಿಗೆ ಇಬ್ಬರು ಯಜಮಾನರು, ಒಬ್ಬರು ಇಲ್ಲಿ, ಒಬ್ಬರು ಮನೆಯಲ್ಲಿ. ಇಲ್ಲಿಯವರು ಸಂಬಳ ಕೊಡುತ್ತಿದ್ದರು.) ಯಾರೋ ಗಿರಾಕಿ ಒಂದೇ ಪುಸ್ತಕವನ್ನು ಡಬ್ಬಿ ಒಡೆದು, ಬೇರೆ ಬೇರೆ ವಿಳಾಸದಿಂದ ಮೂರು ಸಲ ಕಳಿಸಿದ್ದ. ಮೊದಲು ಒಂಬತ್ತೂವರೆ ಬಂದಿತ್ತು, ಆಮೇಲೆ ಏಳು, ಕೊನೆಗೆ ಒಂಬತ್ತು. ಈಗ ಮೂರು ಫೋಟೋ ಕಳಿಸಿ, ನಿಮ್ಮಲ್ಲಿ ಯಾರಿಗೆ ಕುರುಡು ಎಂದು ಕೇಳಿದ್ದ.

ಯಜಮಾನರು ಕಂಪ್ಯೂಟರನ್ನು ಅವಳ ಕಡೆ ತಿರುಗಿಸಿದರು. ಮೂರು ಸಲವೂ ಮೇಷ್ಟ್ರು ಮತ್ತು ಹೌದಪ್ಪ ಒಂದೇ ಅಂಕೆ ಹಾಕಿದ್ದರು. ಅವಳದು ಮಾತ್ರ ಬೇರೆ, ಎರಡು ಸಲ ಅವರಿಗಿಂತ ಕೆಳಗೆ, ಒಂದು ಸಲ ಮೇಲೆ.

"ನಾನು ಮೂರು ಸಲವೂ ಎಂಟೇ ಕೊಟ್ಟಿದೀನಲ್ಲ ಸಾರ್," ಎಂದಳು.

"ಅದನ್ನೇ ಹೇಳ್ತಿರೋದು. ಅವರಿಬ್ಬರೂ ಹೊಂದಿಕೊಂಡು ಹೋಗ್ತಾರೆ. ನೀವೊಬ್ಬರೇ ಹಠ ಹಿಡಿದ್ರೆ ಹೇಗಮ್ಮ?"

ತಿಂಗಳ ಕೊನೆಯವರೆಗೆ ನೋಡುತ್ತೇನೆ, ಆಗಲೂ ಹೊಂದಿಕೆ ಬರದಿದ್ದರೆ ಡಬ್ಬಿ ಕೋಣೆಗೆ ವಾಪಸು ಎಂದು ನಯವಾಗಿಯೇ ಹೇಳಿದರು.

ಅವತ್ತು ಸಂಜೆ ಮನೆಯಲ್ಲಿ ಗಂಡ ಪಾತ್ರೆ ತೊಳೆದಿಟ್ಟಿದ್ದ. ತಿಂಗಳಿಗೊಮ್ಮೆ ನಡೆಯುವ ಈ ಕೆಲಸವನ್ನು ಅವನು ನೆಂಟರಿಗೆಲ್ಲ ಹೇಳುತ್ತಿದ್ದ. ಅವಳು ಒಂದು ತಟ್ಟೆ ಎತ್ತಿ ದೀಪಕ್ಕೆ ಓರೆ ಹಿಡಿದಳು. ಜಿಡ್ಡು ಹಾಗೇ ಇತ್ತು.

"ಶುರುವಾಯ್ತು ನೋಡಮ್ಮ, ಆಫೀಸು ಮನೆಗೂ ಬಂತು," ಎಂದ ಗಂಡ.

"ಕನ್ನಡಿ ಹಾಗಿದೆಯಲ್ಲೇ ತಟ್ಟೆ," ಎಂದರು ಅತ್ತೆ, ಕೂತಲ್ಲಿಂದಲೇ.

ಅತ್ತೆಯ ಕನ್ನಡಕ ಟೀವಿಯ ಮೇಲಿತ್ತು. ಅವರು ತಟ್ಟೆ ನೋಡಿರಲಿಲ್ಲ, ಮಗನ ಮುಖ ನೋಡಿದ್ದರು. ಗೀರಕ್ಕ ತಟ್ಟೆಗಳನ್ನು ಮತ್ತೆ ತೊಳೆಯುತ್ತ ನಿಂತಾಗ ಅವಳ ತಲೆಗೆ ಒಂದು ಹುಳ ಹೊಕ್ಕಿತು. ಎರಡನೆಯವನು ಪುಸ್ತಕ ನೋಡುತ್ತಾನೆಯೇ?

ಮರುದಿನದಿಂದ ಅವಳು ಪುಸ್ತಕದ ಜೊತೆಗೆ ಕೈಗಳನ್ನೂ ನೋಡತೊಡಗಿದಳು. ಮೇಷ್ಟ್ರು ಕಪ್ಪು ಹಲಗೆಯ ಮೇಲೆ ಬರೆದು ಬರೆದು ಅಭ್ಯಾಸವಾದವರು, ಬಾಲ್‌ಪೆನ್ನನ್ನೂ ಸೀಮೆಸುಣ್ಣದಂತೆ ಒತ್ತುತ್ತಿದ್ದರು. ತೆಳ್ಳನೆಯ ಚೀಟಿಯ ಬೆನ್ನಿನಲ್ಲಿ ಅಂಕೆ ಉಬ್ಬಿ ನಿಲ್ಲುತ್ತಿತ್ತು. ಹೌದಪ್ಪ ಪುಸ್ತಕ ಎತ್ತಿಕೊಳ್ಳುವಾಗ ಚೀಟಿಯನ್ನು ಹೆಬ್ಬೆರಳಲ್ಲಿ ಪಕ್ಕಕ್ಕೆ ಸರಿಸುತ್ತಿದ್ದ. ಆ ಹೆಬ್ಬೆರಳು ಸ್ವಲ್ಪ ಹೊತ್ತು ಅಲ್ಲೇ ಇರುತ್ತಿತ್ತು. ಬೇಕೆಂದೇ ಮಾಡುತ್ತಿದ್ದನೋ, ಬೆರಳಿಗೆ ಅದೇ ಚಾಳಿಯಾಗಿ ಹೋಗಿತ್ತೋ, ಹೇಳುವಂತಿರಲಿಲ್ಲ. ಕೇಳಿದರೆ ಹೌದು ಎನ್ನುವನು, ಇಲ್ಲವೇ ಎಂದರೂ ಹೌದು ಎನ್ನುವನು.

ಅವಳು ಯಜಮಾನರ ಬಳಿ ಹೋಗಿ, ಸ್ವಲ್ಪ ದಿನ ನನ್ನನ್ನು ಮೊದಲ ಕುರ್ಚಿಯಲ್ಲಿ ಕೂರಿಸಿ, ಹೊಂದಿಕೆ ಕಲಿಯುತ್ತೇನೆ ಎಂದಳು. ಕಲಿಯುತ್ತೇನೆ ಎಂದ ಮಾತು ಅವರಿಗೆ ಹಿತವಾಯಿತು. ಮೇಷ್ಟ್ರು ಮೂರನೆಯ ಕುರ್ಚಿಗೆ ಸರಿದು, ಈಗ ನಾನು ಭಸ್ಮ ಮಾಡ್ತೀನಿ ನೋಡಿ ಎಂದರು.

ಬೆಳಗ್ಗೆ ಬಂದ ಮೊದಲ ಪುಸ್ತಕ ಒಂದು ಮಕ್ಕಳ ಕಾಮಿಕ್ಸ್. ಮುಖಪುಟದ ಮೂಲೆಯಲ್ಲಿ ಬಣ್ಣ ಒಡೆದ ಮಡಿಕೆಯ ಗೆರೆ, ದಾರಿಹೋಕರಿಗೂ ಕಾಣುವಂಥದ್ದು. ಏಳಕ್ಕಿಂತ ಒಂದು ಕೂದಲೆಳೆ ಹೆಚ್ಚು ಸಿಗಬಾರದು. ಗೀರಕ್ಕ ಚೀಟಿ ತೆಗೆದುಕೊಂಡು ಒಂಬತ್ತೂವರೆ ಎಂದು ಬರೆದಳು. ಚೀಟಿ ಹರಿಯುವಷ್ಟು ಒತ್ತಿ ಬರೆದಳು.

ಹೌದಪ್ಪನ ಹೆಬ್ಬೆರಳು ಬಂತು, ನಿಂತಿತು, ಹೋಯಿತು. ಅವನು ಪುಸ್ತಕವನ್ನು ದೀಪಕ್ಕೆ ಹಿಡಿದು, ತಿರುಗಿಸಿ, ಮೂಸಿಯೂ ನೋಡಿ, ಬರೆದ. ಸರಕು ಹೇಗಿದೆ ಎಂದು ಮೇಷ್ಟ್ರು ಕೇಳಿದರು. ತುಂಬಾ ಚೆನ್ನಾಗಿಟ್ಟಿದ್ದಾರೆ ಸಾರ್ ಎಂದ. ಮೇಷ್ಟ್ರೂ ಕೆಳಗಿನ ಚೀಟಿಯ ಬೆನ್ನನ್ನು ಬೆರಳಲ್ಲಿ ಸವರಿ ಬರೆದರು. ಮೂರೂ ಚೀಟಿ ಮಗುಚಿದಾಗ ಮೂರರಲ್ಲೂ ಒಂಬತ್ತೂವರೆ.

ಯಜಮಾನರು ತಮ್ಮ ಕೋಣೆಯ ಗಾಜಿನಾಚೆಯಿಂದ ಹೆಬ್ಬೆರಳೆತ್ತಿ ತೋರಿಸಿದರು. ಅವಳ ಕುರ್ಚಿ ಉಳಿದಿತ್ತು. ಆದರೆ ಯಾರೋ ಆ ಸುಳ್ಳನ್ನು ನಂಬಿ ಪುಸ್ತಕ ಕೊಳ್ಳುತ್ತಾರೆ. ಅವಳು ಡಬ್ಬಿ ಕೋಣೆಗೆ ಓಡಿದಳು. ಮೊಹರಿನ ಯಂತ್ರದ ಮುಂದೆ ಅವಳ ಹಳೆಯ ಜೊತೆಗಾತಿ ಡಬ್ಬಿಯಮ್ಮ ನಿಂತಿದ್ದಳು, ಪುಸ್ತಕ ಆಗಲೇ ಡಬ್ಬಿ ಸೇರಿತ್ತು.

"ಒಡೆದುಕೊಡೇ," ಎಂದಳು ಗೀರಕ್ಕ.

"ಚೆನ್ನಾಗಿದೆ. ಒಡೆದ್ರೆ ಕೇಳೋದು ಯಾರನ್ನ, ನಿನ್ನನ್ನಾ?"

ಆದ್ದರಿಂದ ಡಬ್ಬಿಯನ್ನೇ ಎತ್ತಿಕೊಂಡು ಯಜಮಾನರ ಮೇಜಿನ ಮೇಲಿಟ್ಟು, ಬೇಕಂತಲೇ ತಪ್ಪು ಬರೆದೆ, ಮಿಕ್ಕವರು ನನ್ನ ಚೀಟಿಯ ಉಬ್ಬು ತಡವಿ ಬರೆದರು ಎಂದಳು.

"ಮೂವರೂ ಅದನ್ನೇ ಬರೆದಿದ್ದೀರಲ್ಲಮ್ಮ. ತಪ್ಪು ಹೇಗಾಗುತ್ತೆ?"

ಅವರ ಕಣ್ಣಲ್ಲಿ ಅನುಮಾನವಿತ್ತು, ಅದೆಲ್ಲವೂ ಅವಳ ಮೇಲೆಯೇ. ಇವಳಿಗೆ ಏನು ಬೇಕು, ಸಂಬಳ ಹೆಚ್ಚಬೇಕೇ, ಆ ಗಿರಾಕಿ ಇವಳಿಗೆ ಪರಿಚಯವೇ? ಅವಳು ಜಗ್ಗಲಿಲ್ಲ. ಡಬ್ಬಿ ಒಡೆಸಿ, ನಮ್ಮ ಮೂವರನ್ನೂ ಬೇರೆ ಬೇರೆ ಕಡೆ ಕೂರಿಸಿ ಎಂದಳು. ಕೊನೆಗೆ ಮೇಷ್ಟ್ರು ಗೋದಾಮಿನಲ್ಲಿ, ಹೌದಪ್ಪ ಮೆಟ್ಟಿಲಿನ ತಿರುವಿನಲ್ಲಿ, ಅವಳು ಯಜಮಾನರ ಎದುರಲ್ಲೇ ಕೂತು ಅದೇ ಪುಸ್ತಕ ನೋಡಿದರು.

ಗೀರಕ್ಕ ಏಳು ಎಂದಳು. ಮೇಷ್ಟ್ರು ಐದು ಎಂದರು. ಹೌದಪ್ಪ ತುಂಬಾ ಹೊತ್ತು ತೆಗೆದುಕೊಂಡು, ಎರಡು ಸಲ ಹೊಡೆದು ಹಾಕಿ, ಎಂಟೂವರೆ ಎಂದು ಬರೆದು ಕಳಿಸಿದ.

ಯಜಮಾನರು ಮೂರು ಚೀಟಿಗಳನ್ನೂ ಸಾಲಾಗಿ ಇಟ್ಟುಕೊಂಡು ನೋಡಿದರು. ಆಮೇಲೆ ಬಾಗಿಲು ಹಾಕಿ ಬಂದರು.

"ಇದು ಹೊರಗೆ ಹೋದ್ರೆ ನಾವೆಲ್ಲ ಮನೆಗೆ ಹೋಗಬೇಕಾಗುತ್ತೆ," ಎಂದರು. ಈ ಪುಸ್ತಕಕ್ಕೆ ಏಳು ಹಾಕೋಣ ಎಂದರು. ನಾಳೆಯಿಂದ ಮೂವರೂ ಒಂದೇ ಮೇಜಿನಲ್ಲಿ, ಮೊದಲಿನಂತೆಯೇ.

"ನನ್ನ ಕುರ್ಚಿ?"

"ಮೊದಲನೇದು ನಿಮ್ಮದೇ ಇನ್ನು ಮುಂದೆ. ನೀವೇ ಶುರು ಮಾಡಿ." ಬಾಗಿಲು ತೆರೆಯುತ್ತ ಸೇರಿಸಿದರು, "ಒತ್ತಿ ಬರೀರಿ."

ಆ ತಿಂಗಳು ಕಂಪನಿಗೆ ಒಂದೂ ದೂರು ಬರಲಿಲ್ಲ. ಗೀರಕ್ಕ ಏಳು ಎಂದರೆ ಮೂವರೂ ಏಳು, ಒಂಬತ್ತು ಎಂದರೆ ಮೂವರೂ ಒಂಬತ್ತು. ಮನೆಯಲ್ಲಿ ತನ್ನ ಮಗುವಿಗೆ ಜ್ವರ ಬಂದು ನಿದ್ದೆಗೆಟ್ಟ ಮರುದಿನವೂ, ಕಣ್ಣು ಮಂಜಾಗಿ ಬೆನ್ನಿನ ಗೀರು ಒಂದೋ ಎರಡೋ ಎಂದು ತಿಳಿಯದಿದ್ದಾಗಲೂ, ಇಬ್ಬರೂ ಒಪ್ಪಿದರು. ಅವಳಿಗೆ ಈಗ ತನ್ನ ಕಣ್ಣಿನ ಮೇಲೆಯೇ ಗುಮಾನಿ ಶುರುವಾಯಿತು. ತಪ್ಪಿದರೆ ಹೇಳುವವರು ಮೇಜಿನಲ್ಲಿ ಯಾರೂ ಇರಲಿಲ್ಲ.

ಊಟದ ಹೊತ್ತಿನಲ್ಲಿ ಒಂದು ಪುಸ್ತಕ ಹಿಡಿದು ಡಬ್ಬಿ ಕೋಣೆಗೆ ಹೋದಳು. ನನ್ನ ಅಂಕೆ ಕೇಳಬೇಡ, ನೀನೇ ನೋಡಿ ಹೇಳು ಎಂದು ಡಬ್ಬಿಯಮ್ಮನ ಮುಂದೆ ಹಿಡಿದಳು. ಡಬ್ಬಿಯಮ್ಮ ಕೈ ಒರೆಸಿಕೊಂಡು, ಪುಸ್ತಕವನ್ನು ಕಿಟಕಿಯ ಬೆಳಕಿಗೆ ಓರೆ ಮಾಡಿ ನೋಡಿದಳು. ಏನೋ ಕಂಡಿತು.

"ಇದಕ್ಕೆ ಸಂಬಳ ಕೊಡ್ತಾರೇನೇ ನಂಗೆ?"

"ಇಲ್ಲ."

"ಹಾಗಾದ್ರೆ ಮೊದಲು ಅದನ್ನ ಕೇಳ್ಕೊಂಡು ಬಾ," ಎಂದು ಪುಸ್ತಕ ವಾಪಸು ಕೊಟ್ಟು ಡಬ್ಬಿಯಮ್ಮ ಬುತ್ತಿ ಬಿಚ್ಚಿದಳು.

ಗೀರಕ್ಕ ಪುಸ್ತಕ ಹಿಡಿದುಕೊಂಡೇ ಯಜಮಾನರ ಬಾಗಿಲು ತಟ್ಟಿದಳು.