ಏಳನೆಯ ಗೂಡು

ಹಳೆಯ ಫ್ಲಾಪಿಗಳ ಡಬ್ಬಿ ತೆರೆದೆ. ಮೂಗಿಗೆ ಬಡಿದದ್ದು ನನ್ನೂರು ಶಿಡ್ಲಘಟ್ಟ. ಮೂಲೆಯಲ್ಲಿ ಒಂದು ಒಣ ರೇಷ್ಮೆಗೂಡು. ಅದರ ಮೇಲೆ ಪೆನ್ಸಿಲ್ಲಿನಲ್ಲಿ ಬರೆದ ನಂಬರು ಇನ್ನೂ ಅಳಿಸಿಲ್ಲ. ಆ ವಾಸನೆಯನ್ನು ಹೊರಗಿನವರು ನಾತ ಎನ್ನುತ್ತಾರೆ. ನನಗದು ಪಕ್ಕದ ಮನೆಯ ಚಾಚಾ.

ಚಾಚಾ ಗೂಡಿನಿಂದ ನೂಲು ತೆಗೆಯುವವರು. ಬೆಳಿಗ್ಗೆ ಮಾರುಕಟ್ಟೆಯಲ್ಲಿ ಗೂಡಿನ ರಾಶಿಯೊಳಗೆ ಮೊಣಕೈವರೆಗೆ ಕೈ ಇಳಿಸಿ, ಒಂದು ಹಿಡಿ ತೆಗೆದು, ಹೆಬ್ಬೆರಳಲ್ಲಿ ಒತ್ತಿ, ಕಿವಿಯ ಬಳಿ ಅಲ್ಲಾಡಿಸಿ... ಅಷ್ಟೇ. ನೂಲು ಹೇಗೆ ಬರುತ್ತದೆಂದು ಹೇಳಿಬಿಡುತ್ತಿದ್ದರು.

ತೊಂಬತ್ತರ ದಶಕದ ಮೊದಲ ವರ್ಷಗಳು. ನಾನು ಬೆಂಗಳೂರಿನಲ್ಲಿ ಕಂಪ್ಯೂಟರ್ ಸೈನ್ಸ್ ಕೊನೆಯ ವರ್ಷ ಓದುತ್ತಿದ್ದೆ. ಅನುಭವಸ್ಥರ ತಿಳಿವಳಿಕೆಯನ್ನು ನಿಯಮಗಳಾಗಿ ಬರೆದು ಯಂತ್ರಕ್ಕೆ ಕಲಿಸುವುದು ಆಗಿನ ಹುಚ್ಚು. ಚಾಚಾರನ್ನೇ ಯಂತ್ರಕ್ಕೆ ಇಳಿಸುತ್ತೇನೆಂದು ಹೊರಟೆ, ಎಂಥ ಜಂಭ! ಪ್ರಾಜೆಕ್ಟ್ ಗೆದ್ದರೆ ಮಾತ್ರ ಸಂಶೋಧನೆಯ ದಾರಿ ತೆರೆಯುತ್ತದೆಂದು ನಂಬಿದ್ದೆ.

ಗಟ್ಟಿತನ, ತೂಕ, ಕಲೆ, ಸದ್ದು ಎಂದು ಅವರು ಹೇಳಿದ್ದನ್ನೆಲ್ಲ ಬರೆದುಕೊಂಡೆ. ಐವತ್ತು ಗೂಡುಗಳಿಗೆ ನಂಬರು ಹಾಕಿ ಚಾಚಾ, ಪ್ರೋಗ್ರಾಮು ಇಬ್ಬರನ್ನೂ ಪರೀಕ್ಷಿಸಿದೆ. ಏಳರಲ್ಲಿ ತಕರಾರು ಬಂತು. ಪ್ರೋಗ್ರಾಮು ಚೆನ್ನಾಗಿದೆ ಎಂದದ್ದನ್ನು ಚಾಚಾ ಬೇಡವೆಂದರು.

"ಯಾಕೆ ಚಾಚಾ? ನೀವು ಹೇಳಿದ್ದೆಲ್ಲ ಸರಿಯಾಗೇ ಇದ್ಯಲ್ಲ?"

"ನಂಗೇನಮ್ಮ ಗೊತ್ತು? ಕೈ ಬೇಡ ಅಂತದೆ."

ನನಗೆ ಸಿಟ್ಟು ಬಂತು. ಆ ಏಳನ್ನೂ ಪಟ್ಟಿಯಿಂದ ತೆಗೆದುಬಿಡುತ್ತೇನೆ ಎಂದೆ. ಚಾಚಾ ಅವುಗಳಲ್ಲಿ ಆರನ್ನು ಕುದಿನೀರಿಗೆ ಹಾಕಿ ಎಳೆ ಹಿಡಿದರು. ಆರರ ಎಳೆಯೂ ಮತ್ತೆ ಮತ್ತೆ ತುಂಡಾಯಿತು. ಬಿಸಿನೀರಲ್ಲಿ ಬೆಂದು ಬೆಳ್ಳಗಾದ ಆ ಬೆರಳುಗಳನ್ನೇ ನೋಡುತ್ತ ನಿಂತೆ. ಅವರಿಗೇ ತಿಳಿಯದ್ದು ಅವಕ್ಕೆ ತಿಳಿದಿತ್ತು.

ಏಳನೆಯದನ್ನು ನನ್ನ ಕೈಗಿಟ್ಟರು.

"ಇದು ಇಟ್ಕೋ ಬೇಟಿ. ನನ್ ಕೈಗೆ ಹೆಂಗ್ ಗೊತ್ತಾಗ್ತದೆ ಅಂತ ನಿನ್ ಮಿಷನ್‌ಗೆ ತಿಳಿದ್ರೆ, ನಂಗೂ ಬಂದು ಹೇಳು."

ತಮಾಷೆಗೆ ಕೇಳಿದ್ದಲ್ಲ, ಅವರಿಗೆ ನಿಜವಾಗಿಯೂ ತಿಳಿಯಬೇಕಿತ್ತು.

ಏಳನ್ನೂ ವರದಿಯಲ್ಲಿ ಹಾಗೆಯೇ ಬರೆದೆ. ನಮ್ಮ ಮೇಷ್ಟ್ರು ಉಳಿದ ಪುಟಗಳನ್ನು ಸರಸರನೆ ಮಗುಚಿ, ಆ ಪುಟದಲ್ಲಿ ಬಹಳ ಹೊತ್ತು ನಿಂತರು. "ಇದನ್ನೇ ಹಿಡ್ಕೊಂಡು ಮುಂದೆ ಓದಮ್ಮ" ಎಂದರು. ಅಂದು ಹಿಡಿದದ್ದನ್ನು ಇವತ್ತಿಗೂ ಬಿಟ್ಟಿಲ್ಲ.

ಚಾಚಾ ಹೋದ ಸುದ್ದಿ ಬಂದಾಗ ನಾನು ಪಿಎಚ್.ಡಿ. ಪ್ರಬಂಧದ ಕೊನೆಯ ಅಧ್ಯಾಯದಲ್ಲಿದ್ದೆ. ಅರ್ಧ ಉತ್ತರ ಕೈಯಲ್ಲಿತ್ತು. ಪೂರ್ತಿಯಾದ ಮೇಲೆ ಹೇಳೋಣವೆಂದು ಕಾದಿದ್ದೆ... ಪೆದ್ದಿ ನಾನು.

ಇಂದಿನ ಯಂತ್ರಗಳು ನಿಯಮ ಕೇಳದೆಯೇ ಕಲಿಯುತ್ತವೆ. ಹೇಗೆ ಗೊತ್ತಾಯಿತೆಂದು ಕೇಳಿದರೆ ಅವೂ ಚಾಚಾರಂತೆ ಹೇಳಲಾರವು. ಇದನ್ನು ಕೇಳಿದ್ದರೆ ಅವರು ಎಷ್ಟು ನಗುತ್ತಿದ್ದರೋ.

ಗೂಡನ್ನು ಹೆಬ್ಬೆರಳಲ್ಲಿ ಒತ್ತಿದೆ. ಕಿವಿಯ ಬಳಿ ಅಲ್ಲಾಡಿಸಿದೆ. ಒಳಗೆ ಒಣಗಿದ ಹುಳು ಸದ್ದು ಮಾಡಿತು. ನನ್ನ ಕೈ ಏನೂ ಹೇಳಲಿಲ್ಲ.