ತಮ್ಮ ಹೆಣೆದ ಜಡೆ

ನನ್ನ ತಮ್ಮನಿಗೆ ಮೂವತ್ತೈದು ದಾಟಿದ್ದರೂ, ಬೆಟಗೇರಿಯ ಮನೆಯಲ್ಲಿ ಅವ್ವ ತಾಟು ಹಚ್ಚಿಕೊಟ್ಟ ಮೇಲೆಯೇ ಅವನ ಊಟ. ಮಗಳು ಶಾಲೆಗೆ ಹೋಗತೊಡಗಿದ ಮೇಲೂ ಸಂಜೆಯಾದರೆ ಬ್ಯಾಟು ಹಿಡಿದು ಹುಡುಗರ ಜೊತೆ ಆಡಲು ಹೊರಡುತ್ತಿದ್ದ.

ಹೋದ ವರ್ಷ ಅವನ ಹೆಂಡತಿ ತನ್ನ ತಾಯಿಯ ಆಪರೇಷನ್ನಿಗೆಂದು ಲಕ್ಷ್ಮೇಶ್ವರಕ್ಕೆ ಹೋದಳು. ಶಾಲೆ ತಪ್ಪಬಾರದೆಂದು ಮಗಳನ್ನು ಇಲ್ಲೇ ಬಿಟ್ಟಳು. ಅದೇ ವಾರ ಅವ್ವ ಬಚ್ಚಲಲ್ಲಿ ಜಾರಿ ಬಲಗೈ ಮುರಿದುಕೊಂಡಳು. ನಾನು ಮುಳಗುಂದದ ಗಂಡನ ಮನೆಯಿಂದ ಬಸ್ಸು ಹತ್ತಿದೆ. ನಾನಿಲ್ಲದೆ ಆ ಮನೆ ನಡೆಯುವುದಿಲ್ಲ ಎಂಬ ಖಾತ್ರಿಯಿತ್ತು. ಅದರಲ್ಲೊಂದು ಸಣ್ಣ ಖುಷಿಯೂ ಇತ್ತು.

ಮೊದಮೊದಲು ಹಾಗೇ ನಡೆಯಿತು. "ಅಕ್ಕಾ, ಉಪ್ಪು ಎಲ್ಲೈತಿ? ಈಕಿ ಟೈ ಹೆಂಗ ಕಟ್ಟೂದು?" ಎಂದು ತಮ್ಮ ನನ್ನ ಬೆನ್ನು ಬಿಡಲಿಲ್ಲ. ನೀರು ಹಾಕದೆ ಅನ್ನಕ್ಕಿಟ್ಟು ಕುಕ್ಕರು ಸುಟ್ಟ. ಅವನು ಹಾಕಿದ ಜಡೆ ಶಾಲೆ ಮುಟ್ಟುವ ಮೊದಲೇ ಬಿಚ್ಚಿತು. ಸಂಜೆ ಮಗಳು ಅಳುತ್ತ ಬಂದು, "ಅಪ್ಪಾ, ನಿನಗ ಏನೂ ಬರೂದಿಲ್ಲ" ಅಂದಳು. ಅವನ ಮುಖ ಸಣ್ಣದಾಯಿತು. ಅಂದು ಆಡಲು ಹೋಗಲಿಲ್ಲ. ಮೊಬೈಲಿನಲ್ಲಿ ವಿಡಿಯೋ ನೋಡುತ್ತ, ಮಗಳ ಕೂದಲು ಹೆಣೆದು ಬಿಚ್ಚಿ, ಮತ್ತೆ ಹೆಣೆಯುತ್ತ ಕೂತ.

ಜಡೆಯ ಜೊತೆಗೆ ಅಡಿಗೆ ಮಾಡುವುದು, ಪಾತ್ರೆ ತಿಕ್ಕುವುದನ್ನೂ ಕಲಿತೇಬಿಟ್ಟ. ಓಣಿಯ ಹೆಂಗಸರು ಕಟ್ಟೆಯ ಮೇಲೆ ಕೂತು, "ಎಂಥಾ ಮಗನ್ನ ಹಡದೀರಿ ಅಕ್ಕಾರ, ಭಾಂಡೆ ಸುದ್ದಾ ತಿಕ್ತಾನ!" ಎಂದು ಅವ್ವನೆದುರು ಹೊಗಳಿದರು. ಆ ಹೊತ್ತಿನಲ್ಲಿ ಒಳಗೆ ಭಾಂಡೆ ತಿಕ್ಕುತ್ತಿದ್ದವಳು ನಾನು. ಲಂಗ ಉಡುವ ವಯಸ್ಸಿನಿಂದ ಅವೇ ಭಾಂಡೆ ತಿಕ್ಕಿದ್ದೆ. ಯಾರೂ ಒಂದು ಮಾತು ಆಡಿದ ನೆನಪಿಲ್ಲ.

ಮರುದಿನ ಅವ್ವನ ತಲೆ ಬಾಚಲು ಕೂತೆ.

"ನೀ ಭಾಳ ಜಗ್ತಿ. ತಮ್ಮ ಬರ್ಲಿ ತಡಿ, ಅಂವ ಹಗೂರಕ ಬಾಚ್ತಾನ" ಅಂದಳು.

"ಅಂವಂದೇನು ಬಂಗಾರದ ಕೈ?" ಎಂದು ಬಾಚಣಿಗೆ ಒಗೆದು ಎದ್ದೆ. ಬಾಗಿಲಲ್ಲೇ ನಿಂತಿದ್ದ ತಮ್ಮ ಅಡಿಗೆಮನೆವರೆಗೂ ಹಿಂದೆ ಬಂದ.

"ಅಕ್ಕಾ, ಇಷ್ಟೆಲ್ಲಾ ನೀ ಒಬ್ಬಾಕಿನ ಹೆಂಗ ಮಾಡ್ತಿದ್ದಿ? ನನ್ನ ಸೊಂಟ ಬಿದ್ದಹೋಗೇತಿ."

"ಈಗ ಗೊತ್ತಾತೇನು?" ಅಂದೆ. ಕಣ್ಣು ತುಂಬಿದವು. ಹೊಟ್ಟೆಕಿಚ್ಚು ಮಾತ್ರ ಆರಲಿಲ್ಲ.

ಅವನ ಹೆಂಡತಿ ಮರಳಿದ ಮೇಲೂ ಮುಂಜಾನೆಯ ಕೆಲಸ ಅವನು ಬಿಡಲಿಲ್ಲ. ನಾನು ಹೊರಟಾಗ ತಾನೇ ಬಡಿದ ರೊಟ್ಟಿ ಕಟ್ಟಿಕೊಟ್ಟ. ಅಂಚು ಸೀಳಿದ್ದವು, ಆದರೆ ರುಚಿಯಾಗಿದ್ದವು.

ಮುಳಗುಂದದಲ್ಲಿ ನನ್ನ ಗಂಡ ಆ ರೊಟ್ಟಿ ಮುರಿಯುತ್ತ, "ಯಾರು ಬಡದದ್ದು?" ಎಂದು ಕೇಳಿದರು.

"ನನ್ನ ತಮ್ಮರಿ."

ಅವರು ಜೋರಾಗಿ ನಕ್ಕು, "ನೀರು ತಗೊಂಬಾ" ಅಂದರು.

ನೀರು ತರಲು ಎದ್ದವಳಿಗೆ, ತಮ್ಮನ ಹೆಂಡತಿಯ ಮೇಲೂ ಹೊಟ್ಟೆಕಿಚ್ಚಾಯಿತು.