ಟಿ.ವಿ.ಗೆ ಹಾಕಿದ ಅಕ್ಷತೆ

ಹೋದ ಭಾನುವಾರ ನಾನು ಒಂದು ಟಿ.ವಿ.ಗೆ ಅಕ್ಷತೆ ಹಾಕಿ ಬಂದೆ.

ನಗಬೇಡಿ. ನಾನೊಬ್ಬನೇ ಅಲ್ಲ. ಊರಿಗಾಂನ ಗಣಿ ಕೆಲಸಗಾರರ ಮನೆಗಳ ಒಂದು ಲೈನಿಗೆ ಲೈನೇ ರೇಷ್ಮೆ ಸೀರೆ ಉಟ್ಟು, ಹೂ ಮುಡಿದು, ಎದ್ದು ನಿಂತು ಹಾಕಿತು. ಟಿ.ವಿ. ಏನೂ ಅನ್ನಲಿಲ್ಲ. ಪಾಪ, ಅದು ಬ್ಲ್ಯಾಕ್ ಅಂಡ್ ವೈಟ್. ಅರಿಶಿನದ ಅಕ್ಕಿಯಿಂದಲಾದರೂ ಅವತ್ತು ಸ್ವಲ್ಪ ಬಣ್ಣ ಕಂಡಿತು.

ಇದು ಹೇಗಾಯಿತು ಅಂತ ಮೊದಲಿಂದ ಹೇಳುತ್ತೇನೆ.

ನಮ್ಮ ಸೋದರಮಾವ ಪಿಳ್ಳಪ್ಪ ನಿಮಗೆ ಗೊತ್ತಿಲ್ಲ. ಬೂದಿಕೋಟೆ ಕಡೆಯ ಹಳ್ಳಿಯಿಂದ ಎಳೇ ವಯಸ್ಸಿನಲ್ಲೇ ಚಿನ್ನದ ಗಣಿ ಕೆಲಸಕ್ಕೆ ಬಂದು, ಊರಿಗಾಂನ ಲೈನ್ ಮನೆಯಲ್ಲೇ ಸಂಸಾರ ಮಾಡಿದವರು. ಕೆಲಸದಿಂದ ರಿಟೈರ್ ಆದರು. ಗಣಿಯ ಧೂಳು ಮಾತ್ರ ಅವರ ಎದೆಯಿಂದ ರಿಟೈರ್ ಆಗಲಿಲ್ಲ. ಈಗ ಮಂಚದಿಂದ ಬಾಗಿಲ ತನಕ ನಡೆದರೆ ದಮ್ಮು ಹತ್ತುತ್ತದೆ. ಹೀಗಾಗಿ ಮೊನ್ನೆ ಮೊನ್ನೆ ಬಂಗಾರಪೇಟೆಯ ಛತ್ರದಲ್ಲಿ ನಡೆದ ಸ್ವಂತ ಮಗಳು ಮಂಜುಳನ ಮದುವೆಗೇ ಅವರಿಗೆ ಬರಲಾಗಲಿಲ್ಲ.

ಮದುವೆಯಾದ ಮೇಲೆ ಹೆಣ್ಣು ಗಂಡು ಬಂದು ಕಾಲಿಗೆ ಬಿದ್ದು ಹೋದರು, ನಿಜ. ಆದರೆ ಹೆಣ್ಣು ಹೆತ್ತವನು ತಾಳಿ ಕಟ್ಟುವುದನ್ನು ನೋಡಬೇಡವೇ? ತಲೆ ಮೇಲೆ ನಾಲ್ಕು ಕಾಳು ಅಕ್ಷತೆ ಹಾಕಬೇಡವೇ?

(ಛತ್ರದಲ್ಲಿ ಮುಂದಿನ ಸಾಲಿನಲ್ಲೇ ಕೂತಿದ್ದ ನನಗೂ ತಾಳಿ ಕಟ್ಟಿದ್ದು ಕಾಣಲಿಲ್ಲ. ವಿಡಿಯೊದವನ ಬೆನ್ನು ಕಂಡಿತು. ನಿಮಗಾದರೂ ಈಚೆಗೆ ಯಾವುದಾದರೂ ಮದುವೆಯಲ್ಲಿ ಕಂಡಿದೆಯೇ?)

ಆ ವಿಡಿಯೊದವನೇ ಸೆಲ್ವ. ಮದುವೆ ಕ್ಯಾಸೆಟ್ ಹಿಡಿಯುವುದು ಅವನ ಒಂದು ಕಸುಬು. ಮಾರ್ಕೆಟ್ ಹಿಂದಿನ ಮಾಳಿಗೆಯ ಮೇಲೆ ಡಿಶ್ ಇಟ್ಟು ಕೇಬಲ್ ಕೊಡುವುದು ಇನ್ನೊಂದು. ಅವನಿಗೆ ಸ್ವಂತದ್ದೇ ಒಂದು ಲೋಕಲ್ ಚಾನೆಲ್ ಬೇರೆ. ಮಧ್ಯಾಹ್ನ ಊರವರ ಮದುವೆ, ನಾಮಕರಣ. ಆಮೇಲೆ ಸಿನಿಮಾ.

"ಮದುವೆ ಕ್ಯಾಸೆಟ್ಟು ಭಾನುವಾರ ನನ್ನ ಚಾನೆಲ್ಲಲ್ಲಿ ಹಾಕ್ತೀನಿ, ಐಯಾ ಮಲಗಿದ ಹಾಗೇ ನೋಡ್ಲಿ" ಎಂದು ಸೆಲ್ವ ತಾನಾಗಿಯೇ ಹೇಳಿದ್ದ. ಒಳ್ಳೆಯ ಮನುಷ್ಯ.

ತೊಂದರೆ ಒಂದೇ. ಮಾವನ ಟಿ.ವಿ.ಯಲ್ಲಿ ಏನೂ ಕಾಣುತ್ತಿರಲಿಲ್ಲ.

ನನ್ನ ಸ್ಕ್ರೂಡ್ರೈವರ್ ಹುಚ್ಚು ಈ ಅಂಕಣದ ಓದುಗರಿಗೆ ಹಳೆಯ ವಿಷಯ. ಅತ್ತೆ ಹೇಳಿ ಕಳಿಸಿದ್ದೇ ತಡ, ಶನಿವಾರ ಬೆಳಿಗ್ಗೆಯೇ ಬಂಗಾರಪೇಟೆಯಿಂದ ಮಾರಿಕುಪ್ಪಂ ರೈಲು ಹತ್ತಿ, ಚೀಲದಲ್ಲಿ ಸಿಗ್ನಲ್ ಹೆಚ್ಚಿಸುವ ಬೂಸ್ಟರ್, ಟೇಪು, ಕಟಿಂಗ್ ಪ್ಲೇಯರ್ ಹಾಕಿಕೊಂಡು ಊರಿಗಾಂನಲ್ಲಿ ಇಳಿದೆ.

ಮಾವ ಮಂಚದ ಮೇಲೆ ದಿಂಬಿಗೆ ಒರಗಿ ಟಿ.ವಿ.ಯನ್ನೇ ನೋಡುತ್ತಿದ್ದರು. ಪರದೆಯ ತುಂಬ ಬಿಳಿ ಚುಕ್ಕೆ.

"ಏನು ಮಾವ ನೋಡ್ತಾ ಇದೀರಿ?"

"ಎಳ್ಳು ಹರವವ್ರೆ ಕಣ್ಲಾ. ಕಾಯ್ಕಂಡು ಕೂತಿವ್ನಿ, ಕಾಗೆ ಬರದಂಗೆ."

ಬೂಸ್ಟರ್ ಹಾಕಿದೆ. ಎಳ್ಳು ಹೋಗಿ ಅವರೆಕಾಳು ಬಂತು. ಅಷ್ಟೇ ವ್ಯತ್ಯಾಸ.

"ಮಾವ, ಒಂದು ವಿಸಿಪಿ ಬಾಡಿಗೆಗೆ ತರ್ತೀನಿ. ಕ್ಯಾಸೆಟ್ ಇಲ್ಲೇ ಹಾಕಿ ನೋಡೋಣ" ಎಂದೆ.

ಮಾವನಿಗೆ ಸಿಟ್ಟು ಬಂತು. ಸಿಟ್ಟು ಬಂದರೆ ಅವರಿಗೆ ದಮ್ಮು. ದಮ್ಮಿನ ನಡುವೆಯೇ ಹೇಳಿದರು: "ಯಾಕ್ಲಾ? ತಿಂಗಳ್ತಿಂಗಳೂ ಕೇಬಲ್‌ಗೆ ದುಡ್ಡು ಕಟ್ತಿಲ್ವಾ ನಾನು? ಊರಿಗೆಲ್ಲ ಅದ್ರಾಗೇ ಬತ್ತೈತೆ, ನನ್ಗೂ ಅದ್ರಾಗೇ ಬರ್ಲಿ!"

ಅಲ್ಲಿಗೆ ಕೆಲಸ ನನ್ನ ತಲೆಗೆ ಬಂತು. ಹೊರಗೆ ಹೋಗಿ, ಏಣಿ ಹಾಕಿ, ಮಾಡಿನ ಅಂಚಿನಲ್ಲಿ ಹಾದು ಬಂದಿದ್ದ ಕಪ್ಪು ಕೇಬಲ್ ಹಿಡಿದುಕೊಂಡು ಹಿಂದಕ್ಕೆ ಹೊರಟೆ. ಲೈನ್ ಮನೆ ನೋಡದವರಿಗೆ ಹೇಳುತ್ತೇನೆ: ರೈಲಿನ ಬೋಗಿಗಳ ಹಾಗೆ ಒಂದಕ್ಕೊಂದು ಅಂಟಿಕೊಂಡ ಮನೆಗಳು. ಗೋಡೆ ಒಂದೇ, ಶೀಟಿನ ಮಾಡೂ ಒಂದೇ. ಸ್ಟೂಲು ಹತ್ತಿದರೆ ಕೇಬಲ್ ಯಾರ ಕೈಗಾದರೂ ಸಿಗುತ್ತದೆ. ಮಾವನ ಮನೆ ಕಟ್ಟಕಡೆಯದು.

ಎರಡು ಮಾರು ಹೋಗಿರಲಿಲ್ಲ. ಕೇಬಲ್ಲಿನ ಹೊಟ್ಟೆಯಲ್ಲಿ ಒಂದು ಮೊಳೆ. ಮೊಳೆಗೆ ಸುತ್ತಿದ ವೈರು ಪಕ್ಕದ ಮನೆ ಕುಪ್ಪಮ್ಮನ ಕಿಟಕಿಯೊಳಗೆ ಇಳಿದಿತ್ತು.

ಅದರಾಚೆಯ ಮನೆಗೆ ಗುಂಡುಪಿನ್ನು. ಅದರಾಚೆಗೂ ಗುಂಡುಪಿನ್ನು. ಇನ್ನೊಂದು ಮನೆಯವರು ಹೊಲಿಗೆ ಸೂಜಿಯನ್ನೇ ಚುಚ್ಚಿದ್ದರು (ದಾರ ಸಮೇತ!). ಲೈನಿನ ಉದ್ದಕ್ಕೂ ನಮ್ಮ ಸೆಲ್ವನ ಕೇಬಲ್ಲಿಗೆ ಸೂಜಿಮದ್ದು ಹಾಕಿಟ್ಟಿದ್ದರು.

ಇದರ ತಂತ್ರಜ್ಞಾನ ದೊಡ್ಡದೇನಲ್ಲ. ಕೇಬಲ್ಲಿನ ನಡುವೆ ಒಂದು ತಾಮ್ರದ ತಂತಿ, ಅದರ ಸುತ್ತ ಒಂದು ಜಾಲರಿ. ಪಿನ್ನು ತಂತಿಗೆ ತಾಗಬೇಕು, ವೈರಿನ ಇನ್ನೊಂದು ಎಳೆ ಜಾಲರಿಗೆ. ಮುಗಿಯಿತು, ಪರದೇಶದ ಚಾನೆಲ್ಲು ನಿಮ್ಮ ಅಡುಗೆಮನೆಗೆ. ಆದರೆ ಸಿಗ್ನಲ್ಲೂ ನಲ್ಲಿ ನೀರಿನ ಹಾಗೇ. ಮೇಲಿನ ಮನೆಗಳವರೆಲ್ಲ ನಲ್ಲಿ ತಿರುಗಿಸಿದರೆ ಕೊನೆಯ ನಲ್ಲಿಯಲ್ಲಿ ಬರೀ ಗಾಳಿ. ಆ ಗಾಳಿಯಲ್ಲೂ ಉಳಿದಿದ್ದ ಎರಡು ಹನಿಯನ್ನು ಕುಪ್ಪಮ್ಮನ ಮೊಳೆ ಹೀರುತ್ತಿತ್ತು.

ಇಡೀ ಲೈನಿನಲ್ಲಿ ಕೇಬಲ್ಲಿಗೆ ದುಡ್ಡು ಕಟ್ಟುವ ಮನೆ ಒಂದೇ. ಚಿತ್ರ ಬಾರದ ಮನೆಯೂ ಒಂದೇ. ಎರಡೂ ಪಿಳ್ಳಪ್ಪ ಮಾವನದು.

ಕುಪ್ಪಮ್ಮನನ್ನು ಕೂಗಿ ಮೊಳೆ ತೋರಿಸಿದೆ.

"ಅಯ್ಯೋ ಅದಾ? ಗುಬ್ಬಚ್ಚಿ ಮಾಡಿರ್ಬೇಕಪ್ಪ."

"ಗುಬ್ಬಚ್ಚಿ ಮೊಳೆ ಹೊಡೀತದಾ ಕುಪ್ಪಮ್ಮ?"

"ಈಗಿನ ಗುಬ್ಬಚ್ಚಿಗಳು!" ಎಂದು ಆಕೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು.

ಅಷ್ಟು ಹೊತ್ತಿಗೆ ಸೆಲ್ವನೇ ತನ್ನ ಮೊಪೆಡ್ಡಿನಲ್ಲಿ ಬಂದ. ಮೊಳೆ ನೋಡಿ ತಲೆ ಮೇಲೆ ಕೈ ಹೊತ್ತ. "ಎನ್ನ ಸಾರ್ ಇದು! ಕಳ್ಳತನ ಸಾರ್! ಹಗಲು ದರೋಡೆ!"

ಕುಪ್ಪಮ್ಮ ನಗು ನಿಲ್ಲಿಸಿದಳು. ಸೊಂಟಕ್ಕೆ ಸೆರಗು ಸಿಕ್ಕಿಸಿದಳು.

"ಯಾರಪ್ಪ ಕಳ್ರು? ಆಕಾಶದಾಗ ಓಗೋದನ್ನ ನೀನು ಮಾಳಿಗೆ ಮೇಲೆ ಕೊಡೆ ತಿರುಗಿಸಿಟ್ಟು ಹಿಡೀತೀಯ. ಆಕಾಶದೋರಿಗೆ ನೀನೆಷ್ಟು ಕೊಟ್ಟೆ? ನಿನ್ ಕೊಡೇಲಿ ಸೋರಿದ್ದನ್ನ ನಾವು ಬೊಗಸೇಲಿ ಹಿಡಿದ್ರೆ ಕಳ್ಳತನವಾ?"

ಸೆಲ್ವ ನನ್ನ ಮುಖ ನೋಡಿದ. ನಾನು ಕೇಬಲ್ ನೋಡಿದೆ.

ಯಾಕೆಂದರೆ ಸೆಲ್ವನ ವ್ಯವಹಾರ ನನಗೂ ಗೊತ್ತು. ಈಗ ಕೆಲವು ಚಾನೆಲ್ಲುಗಳು ಡಿಕೋಡರ್ ಪೆಟ್ಟಿಗೆ ಇಲ್ಲದೆ ಬರೀ ಗೀಟು ತೋರಿಸುತ್ತವಲ್ಲ, ಅದಕ್ಕೆ ಸೆಲ್ವ ಒಂದೇ ಒಂದು ಪೆಟ್ಟಿಗೆ ತಂದು ಅರ್ಧ ಊರಿಗೆ ಹಂಚಿದ್ದಾನೆ. ಅವನ ಚಾನೆಲ್ಲಿನ ಸಿನಿಮಾ ಕ್ಯಾಸೆಟ್ಟುಗಳ ಮೇಲೆ 'ಮನೆಯಲ್ಲಿ ನೋಡಲು ಮಾತ್ರ' ಎಂದು ಅಚ್ಚು ಹಾಕಿರುತ್ತಾರೆ. ಹಿಂದೊಮ್ಮೆ ಅದನ್ನು ತೋರಿಸಿ ಕೇಳಿದ್ದೆ. ಅವನು ಕಣ್ಣು ಮಿಟುಕಿಸದೆ ಹೇಳಿದ್ದ: "ಹೌದು ಸಾರ್. ಎಲ್ಲಾರೂ ಅವರವರ ಮನೇಲೇ ತಾನೇ ನೋಡ್ತಾರೆ?"

ಹಾಗಾದರೆ ಕಳ್ಳ ಯಾರು? ನನ್ನನ್ನು ಕೇಳಬೇಡಿ. ಪಕ್ಕದವರ ಹೆಗಲ ಮೇಲಿಂದ ಪೇಪರ್ ಓದುವ ದೇಶ ನಮ್ಮದು. ರೈಲಿನಲ್ಲಿ ನಾನು ಮೊದಲ ಪುಟ ತಿರುಗಿಸುವಷ್ಟರಲ್ಲಿ ನಡುವಿನ ಹಾಳೆ ಬೋಗಿಯ ಆ ತುದಿ ಸೇರಿರುತ್ತದೆ. ಅಷ್ಟೇಕೆ, ಈ ಅಂಕಣವನ್ನೇ ಕ್ಷೌರದಂಗಡಿಯಲ್ಲಿ ಪುಕ್ಕಟೆ ಓದುತ್ತಿರುವವರು ಒಮ್ಮೆ ಕೈ ಎತ್ತಿ. (ಕತ್ತಿ ಓಡುತ್ತಿದ್ದರೆ ಬೇಡ.)

ಪಿಳ್ಳಪ್ಪ ಮಾವ ಮಾತ್ರ ಬೇರೆ ಜಾತಿ. ಕುಪ್ಪಮ್ಮನೇ ಹಿಂದೆ ಅವರಿಗೂ ಒಂದು ಮೊಳೆ ದಾನ ಮಾಡಲು ಬಂದಿದ್ದಳಂತೆ. "ದಿನಾ ಗಣಿಯಿಂದ ಬರೋವಾಗ ಗೇಟಲ್ಲಿ ಕೈ ಎತ್ತಿ ನಿಂತು ಮೈಯೆಲ್ಲ ತಡವಿಸ್ಕಂಡು ಬಂದೋನಮ್ಮ ನಾನು" ಅಂದರಂತೆ ಮಾವ. "ಚಿನ್ನಕ್ಕೇ ಕಳ್ಳ ಅನ್ನಿಸ್ಕಣ್ಲಿಲ್ಲ. ಈಗ ಮೊಳೇಗೆ ಅನ್ನಿಸ್ಕಣ್ಲಾ?"

ಅಂಥ ಮನುಷ್ಯನಿಗೆ ಮಗಳ ತಾಳಿ ಕಾಣಬೇಕು. ನಾನು ಲೈನಿನವರನ್ನೆಲ್ಲ ಬೀದಿ ನಲ್ಲಿಯ ಹತ್ತಿರ ಸೇರಿಸಿ ಕೈ ಮುಗಿದೆ. ನಾಳೆ ಮಧ್ಯಾಹ್ನ ಮದುವೆ ಕ್ಯಾಸೆಟ್ ಮುಗಿಯುವ ತನಕ ಪಿನ್ನು ತೆಗೀರಮ್ಮ.

ಎಲ್ಲರ ಮುಖ ಸಪ್ಪಗಾಯಿತು. ಮಂಜುಳ ಅವರೆಲ್ಲರ ಕಣ್ಣೆದುರು ಬೆಳೆದ ಹುಡುಗಿ. ಎಲ್ಲರೂ ಮದುವೆಗೆ ಬಂದವರು. ಎಲ್ಲರೂ ಕ್ಯಾಮೆರಾ ಬಂದಾಗ ಸೆರಗು ಸರಿಮಾಡಿಕೊಂಡವರು! ಪಿನ್ನು ತೆಗೆದರೆ ಅವರನ್ನು ಅವರೇ ನೋಡಿಕೊಳ್ಳುವುದು ಹೇಗೆ?

ದಾರಿ ತೋರಿಸಿದವಳು ಕುಪ್ಪಮ್ಮನೇ. "ಪಿಳ್ಳಪ್ಪಣ್ಣನ ಮಗಳಿಗಿಂತ ಪಿನ್ನು ದೊಡ್ಡದೇನ್ರೇ? ಎಲ್ಲಾ ಕಿತ್ತಾಕಿ. ಎಲ್ಲಾರೂ ಅಣ್ಣನ ಮನೇಗೇ ಓಗಿ ನೋಡಾಣ!"

ಮೊದಲು ತನ್ನ ಮೊಳೆಯನ್ನೇ ಕಿತ್ತು ನನ್ನ ಕೈಗಿಟ್ಟಳು. ಹಿಂದೆಯೇ ಉಳಿದವರೂ ಪಿನ್ನು ಕಿತ್ತರು. ತೂತುಗಳಿಗೆಲ್ಲ ಟೇಪು ಸುತ್ತಿ ಇಳಿದು ಬಂದೆ. ಮಾವನ ಟಿ.ವಿ.ಯಲ್ಲಿ ಸೋಪಿನ ಜಾಹೀರಾತಿನ ಹುಡುಗಿಯ ಕಿವಿಯ ಲೋಲಾಕು ಕಾಣುತ್ತಿತ್ತು.

"ಗಾಜು ತೊಳೆದಂಗೈತೆ ಕಣ್ಲಾ!" ಎಂದರು ಮಾವ. ನನ್ನ ಸ್ಕ್ರೂಡ್ರೈವರಿನ ಜನ್ಮ ಸಾರ್ಥಕ.

ಭಾನುವಾರ ಬಂತು. ಜನವೂ ಬಂತು. ಚಾಪೆ ಮುಗಿಯಿತು, ನೆಲ ಮುಗಿಯಿತು, ಹೊಸ್ತಿಲೂ ಮುಗಿಯಿತು. ಅತ್ತೆ ಕೇಸರಿಬಾತು ಮಾಡಿದ್ದರು. ಒಂದು ತಟ್ಟೆಯಲ್ಲಿ ಅಕ್ಕಿಗೆ ಅರಿಶಿನ ಕಲಸಿ ತಂದು ಮಾವನ ಅಂಗೈಗೆ ಒಂದು ಹಿಡಿ ಹಾಕಿದರು. "ಅವತ್ತು ಹಾಕಕ್ಕೆ ಆಗ್ಲಿಲ್ಲ. ಇವತ್ತು ತಾಳಿ ಕಟ್ಟೋವಾಗ ಹಾಕಿ" ಎಂದರು. ಮಾವ ಮುಷ್ಟಿ ಬಿಗಿ ಹಿಡಿದು ಕೂತರು. ತಟ್ಟೆ ಹಾಗೇ ಕೈಯಿಂದ ಕೈಗೆ ಹೋಯಿತು. ಮದುವೆ ಮನೆ ಅಂದಮೇಲೆ ಬರಿಗೈಲಿ ಕೂರುವುದೆಂತು?

ಕ್ಯಾಸೆಟ್ ಓಡಿತು. ದೇವರ ಪಟ, ಗುಲಾಬಿ ಹೂವಿನೊಳಗೆ ಗಂಡಿನ ಮುಖ, ಹೃದಯದೊಳಗೆ ಹೆಣ್ಣಿನ ಮುಖ. "ಅಗೋ ನಾನು!" "ಅದು ನಿನ್ನ ಮೊಣಕೈ ಕಣೇ!" ಮಂಜುಳ ಮಣೆಯ ಮೇಲೆ ಬಂದು ಕೂತಳು. ಮಾವ ಕೆಮ್ಮು ತಡೆದುಕೊಂಡು ಮುಂದಕ್ಕೆ ಬಾಗಿದರು. ಗಂಡು ತಾಳಿ ಎತ್ತಿಕೊಂಡ. ಪುರೋಹಿತರು ಕೈ ಎತ್ತಿ ಗಟ್ಟಿಮೇಳಕ್ಕೆ ಹೇಳಿದರು. ಡೋಲು, ನಾಗಸ್ವರ ಒಟ್ಟಿಗೇ ಮೊರೆದವು.

ಗಟ್ಟಿಮೇಳ ಕಿವಿಗೆ ಬಿದ್ದರೆ ನಮ್ಮ ಜನ ಏನು ಮಾಡುತ್ತಾರೆ?

ಎದ್ದು ನಿಂತರು. ಒಬ್ಬರೂ ಬಿಡದೆ, ಯೋಚನೆಯೇ ಇಲ್ಲದೆ, ಇಡೀ ಕೋಣೆ ಎದ್ದು ನಿಂತು ಟಿ.ವಿ.ಯತ್ತ ಅಕ್ಷತೆ ಎಸೆಯಿತು. ನಾನೂ ಎದ್ದಿದ್ದೆ. ಮಂಚದ ಮೇಲೆ ಕೂತಿದ್ದ ಮಾವನ ಎದುರಿಗೆ ಬರೀ ಬೆನ್ನುಗಳ ಗೋಡೆ. ಆ ಗೋಡೆಯ ಕಡೆಗೇ ಅವರೂ ಕೈ ಬೀಸಿದರು. ಮಗಳಿಗೆಂದು ಹಾಕಿದ ಅಕ್ಷತೆ ಕುಪ್ಪಮ್ಮನ ತುರುಬಿನ ಮೇಲೆ ಬಿತ್ತು.

ಎಲ್ಲರೂ ಕೂರುವಷ್ಟರಲ್ಲಿ ಪರದೆಯ ಮೇಲೆ ಊಟದ ಪಂಕ್ತಿ. ಯಾರೋ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದರು.

"ಆಯ್ತಾ?" ಎಂದರು ಮಾವ.

"ಆಯ್ತು ಮಾವ."

ಅಂಗೈಗೆ ಅಂಟಿದ್ದ ಅರಿಶಿನ ಒರೆಸಿಕೊಳ್ಳುತ್ತ ಹೇಳಿದರು: "ಛತ್ರಕ್ಕೇ ಬಂದಂಗಾಯ್ತು ಬಿಡ್ಲಾ."

ನಾನು ಸೆಲ್ವನ ಮಾಳಿಗೆಗೆ ಓಡಿದೆ. ಇನ್ನೊಂದು ಸಲ ತಾಳಿ ಹಾಕಪ್ಪ ಎಂದು ಗೋಗರೆದೆ. "ಈಗ ಹೊಸ ಪಿಚ್ಚರ್ ಟೈಮು ಸಾರ್. ನಿಲ್ಲಿಸಿದ್ರೆ ಜನ ನನ್ನ ಕೊಡೆ ಮಡಚಿ ಕೈಗೆ ಕೊಡ್ತಾರೆ. ನಾಳೆ ಮಧ್ಯಾಹ್ನ ಗ್ಯಾರಂಟಿ ಹಾಕ್ತೀನಿ" ಎಂದ.

ಮಾತಿನಂತೆ ಹಾಕಿದ. ಸೋಮವಾರ ನಾನು ಆಫೀಸಿಗೆ ರಜೆ ಹಾಕಿ ಹೋಗಿದ್ದೆ. ಮನೆಯಲ್ಲಿ ಮಾವ, ಅತ್ತೆ, ನಾನು, ಮೂರೇ ಜನ. ಅತ್ತೆ ಉಳಿದಿದ್ದ ಅಕ್ಷತೆ ತಂದಿಟ್ಟರು. ಟಿ.ವಿ. ಹಾಕಿದೆ.

ಎಳ್ಳು.

ಕೇಳಬೇಕೇ? ಹೊಸ ಪಿಚ್ಚರ್ ಭಾನುವಾರವೇ ಶುರುವಾಗಿತ್ತಲ್ಲ, ಪಿನ್ನುಗಳು ಅದಕ್ಕೂ ಮೊದಲೇ ಮತ್ತೆ ಕೇಬಲ್ಲಿನ ತೂತು ಸೇರಿದ್ದವು. ಮೊಳೆ ಸಮೇತ. ಚಿತ್ರವಿಲ್ಲ, ಶಬ್ದ ಮಾತ್ರ ಚೆನ್ನಾಗಿ ಬರುತ್ತಿತ್ತು. ನಾನು ಏಣಿಗೆಂದು ಎದ್ದೆ. ಮಾವ ಕೈ ಹಿಡಿದು ಕೂರಿಸಿದರು.

"ಈಗ ಹೋದ್ರೆ ಅಷ್ಟ್ರಾಗೆ ತಾಳಿ ಕಟ್ಟಿ ಮುಗೀತೈತೆ. ಕೂತ್ಕ."

"ಏನೂ ಕಾಣ್ತಿಲ್ವಲ್ಲ ಮಾವ."

"ಯಾಕ್ಲಾ ಕಾಣ್ಸಲ್ಲ? ನೋಡು, ಎಲ್ಲಾ ಇನ್ನೂ ಅಕ್ಷತೆ ಹಾಕ್ತಾನೇ ಅವ್ರೆ."

ಗಟ್ಟಿಮೇಳ ಮೊಳಗಿತು. ಮಾವ ದಿಂಬಿನಿಂದ ಬೆನ್ನು ಎತ್ತಿ, ಆ ಬಿಳಿ ಕಾಳುಗಳ ಮೇಲೆ ತಮ್ಮ ಹಿಡಿ ಅಕ್ಷತೆಯನ್ನೂ ಹಾಕಿದರು. ಅತ್ತೆ ಕಣ್ಣೊರೆಸಿಕೊಂಡರು.

ಗೋಡೆಯಾಚೆಯಿಂದ ಕುಪ್ಪಮ್ಮನ ದನಿ ಬಂತು, ತುಂಬ ಅಕ್ಕರೆಯಿಂದಲೇ:

"ಪಿಳ್ಳಪ್ಪಣ್ಣೋ, ಇವತ್ತು ಅಡ್ಡ ಯಾರೂ ಇಲ್ವಲ್ಲ, ಮಂಜುಳ ಚೆನ್ನಾಗಿ ಕಾಣ್ತಾ ಅವ್ಳಾ?"